ಒಂದು ತಂಬಿಗೆ, ಒಂದು ಸಂಚಿ: ಹಳೆಯ ಯಾತ್ರಿಕರ ಶುಚಿಯ ಸಾಮಾನನ್ನು ಕಟ್ಟಿಕೊಳ್ಳುವುದು, ಬಳಸುವುದು ಹೇಗೆ?

ನಮ್ಮ ಅಜ್ಜಿಯ ಹತ್ತಿರ ಎರಡು ಸಂಚಿಗಳಿದ್ದವು. ಒಂದು ಎಲೆಅಡಿಕೆಗೆ, ಸದಾ ಸೊಂಟದಲ್ಲಿರುವುದು. ಇನ್ನೊಂದು ವರ್ಷವಿಡೀ ಗೂಟಕ್ಕೆ ತೂಗುಬಿದ್ದು, ಮಾದಪ್ಪನ ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಮಾತ್ರ ಕೆಳಗಿಳಿಯುವುದು. ಅದಕ್ಕೆ ಐದು ಅರೆ. ಒಂದರಲ್ಲಿ ಸೀಗೆಪುಡಿ, ಒಂದರಲ್ಲಿ ಉಪ್ಪು ಬೆರೆಸಿದ ಹಲ್ಲುಪುಡಿ, ಒಂದರಲ್ಲಿ ಪಟಿಕದ ಹರಳು ಮತ್ತು ಹೇನು ಬಾಚುವ ಸೀರಣಿಗೆ, ಒಂದರಲ್ಲಿ ಮಡಿಸಿದ ಹಳೆಯ ಸೀರೆಯ ತುಂಡು. ಐದನೆಯದು ಖಾಲಿ. ಅದು ದಾರಿಯಲ್ಲಿ ಮುರಿದುಕೊಳ್ಳುವ ಬೇವಿನ ಕಡ್ಡಿಗೆ. ಇಷ್ಟರ ಜೊತೆಗೆ ಒಂದು ತಂಬಿಗೆ, ಮೈ ಒರೆಸಲು ಒಂದು ಚೌಕ. ನಾಲ್ಕೈದು ದಿನ ನಡೆದು, ಕಾಡು ದಾಟಿ, ಛತ್ರದ ಜಗಲಿಯ ಮೇಲೆ ಮಲಗಿ ಬಂದರೂ ಅಜ್ಜಿ ಮನೆಯಿಂದ ಹೊರಟಾಗ ಹೇಗಿದ್ದರೋ ಹಾಗೇ ಬರುತ್ತಿದ್ದರು.

ಅದು ಹೇಗೆ ಸಾಧ್ಯವಾಗುತ್ತಿತ್ತು ಎಂಬುದು ನನಗೆ ಅರ್ಥವಾಗಿದ್ದು ನಾನೇ ತಾಳುಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹೋದ ಮೇಲೆ. ನನ್ನ ಬೆನ್ನಚೀಲದಲ್ಲಿ ನಾಲ್ಕು ಬಗೆಯ ಪ್ಲಾಸ್ಟಿಕ್ ಬಾಟಲಿಗಳಿದ್ದವು. ಅವೆಲ್ಲಕ್ಕೂ ಧಾರಾಳವಾಗಿ ನೀರು ಬೇಕು, ಕಾಡುದಾರಿಯಲ್ಲಿ ನೀರೇ ಇಲ್ಲ. ಅಜ್ಜಿಯ ಸಾಮಾನುಗಳೋ ಒಂದು ತಂಬಿಗೆ ನೀರಿನ ಲೆಕ್ಕಕ್ಕೇ ಹೊಂದಿಕೊಂಡು ಬಂದವು. ಹಳೆಯ ಯಾತ್ರಿಕರ ಶುಚಿಯೆಲ್ಲ ನಿಂತಿದ್ದದ್ದು ಆ ಲೆಕ್ಕದ ಮೇಲೆ: ಇರುವ ನೀರಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಯಾವ ಕೈ, ಯಾವ ಪಾತ್ರೆ. ಸಾಮಾನು ಕೂಡಿಸುವುದರ ಜೊತೆಗೆ ಆ ಕ್ರಮವನ್ನೂ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ಶಿವರಾತ್ರಿಗೆ ಧರ್ಮಸ್ಥಳಕ್ಕೋ ಯುಗಾದಿಗೆ ಶ್ರೀಶೈಲಕ್ಕೋ ನಡೆದು ಹೋಗುವವರು, ಚಾರಣಕ್ಕೆ ಹೋಗುವವರು ಹಾಗೇ ಬಳಸಬಹುದು. ಇವತ್ತಿಗೆ ಸಲ್ಲದ್ದನ್ನು ಸಲ್ಲದು ಎಂದೇ ಹೇಳಿದ್ದೇನೆ.

ಹೊರಡುವ ಹದಿನೈದು ದಿನ ಮೊದಲು: ಪುಡಿಗಳನ್ನು ಮಾಡಿಟ್ಟುಕೊಳ್ಳಿ

ಪುಡಿ ಒಣಗಲು ಬಿಸಿಲು ಬೇಕು, ಬಿಸಿಲಿಗೆ ಸಮಯ ಬೇಕು. ಆದ್ದರಿಂದ ಇದು ಮೊದಲ ಕೆಲಸ.

ಸೀಗೆಪುಡಿಗೆ ಅರ್ಧ ಕಿಲೋ ಒಣ ಸೀಗೆಕಾಯಿ, 200 ಗ್ರಾಂ ಹೆಸರುಕಾಳು, 100 ಗ್ರಾಂ ಮೆಂತ್ಯ ತೆಗೆದುಕೊಳ್ಳಿ. ಸಿಕ್ಕರೆ ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ ಎರಡು ಹಿಡಿ ಸೇರಿಸಿ. ಮೈಸೂರು ಕಡೆಯವರು ಚಿಗರೆಪುಡಿಯನ್ನೂ, ಅಂದರೆ ಚಿಗರೆ ಮರದ ಒಣ ಎಲೆಯ ಪುಡಿಯನ್ನೂ, ಬೆರೆಸುತ್ತಾರೆ. ಅದು ಎಣ್ಣೆಯ ಜಿಡ್ಡನ್ನು ಚೆನ್ನಾಗಿ ಬಿಡಿಸುತ್ತದೆ. ಸೀಗೆಕಾಯಿಯನ್ನು ಒಡೆದು ಬೀಜ ತೆಗೆದುಹಾಕಿ, ಸಿಪ್ಪೆಯನ್ನಷ್ಟೇ ಉಳಿಸಿಕೊಳ್ಳಿ. ಎಲ್ಲವನ್ನೂ ಎರಡು ದಿನ ಚುರುಕು ಬಿಸಿಲಲ್ಲಿ ಹರಡಿ. ಸಿಪ್ಪೆ ಮುರಿದರೆ ಚಟ್ಟನೆ ಸದ್ದು ಬರಬೇಕು. ಬಾಗಿದರೆ ಇನ್ನೂ ಒಂದು ದಿನ ಒಣಗಿಸಿ. ಗಿರಣಿಯಲ್ಲಿ ಬೀಸಿಸಿ ತಂದು, ತೆಳುವಾದ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಈ ಜರಡಿಯನ್ನು ಬಿಡಬೇಡಿ. ಒರಟು ಚೂರು ತಲೆಯಲ್ಲಿ ಸಿಕ್ಕಿಕೊಂಡರೆ ಅದನ್ನು ತೆಗೆಯಲು ಮತ್ತೆ ಎರಡು ತಂಬಿಗೆ ನೀರು ಖರ್ಚು.

ಬಿಸಿಪುಡಿಯನ್ನು ತಕ್ಷಣ ಡಬ್ಬಿಗೆ ತುಂಬಬೇಡಿ. ನಾನು ಒಮ್ಮೆ ಹಾಗೆ ತುಂಬಿಟ್ಟು, ಮೂರನೇ ದಿನ ದಾರಿಯಲ್ಲಿ ಮುಚ್ಚಳ ತೆಗೆದರೆ ಮೇಲೆಲ್ಲ ಬೂಸ್ಟು. ಒಳಗಿನ ಆವಿಯೇ ಪಸೆಯಾಗಿ ಕೂತಿತ್ತು. ಇಡೀ ಪುಡಿಯನ್ನು ಚೆಲ್ಲಿ ಉಳಿದ ದಾರಿಯನ್ನು ಜಿಡ್ಡುತಲೆಯಲ್ಲೇ ನಡೆದೆ. ಪುಡಿಯನ್ನು ಅಗಲವಾದ ತಟ್ಟೆಯಲ್ಲಿ ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ತುಂಬಿ. ಅಜ್ಜಿಯ ಬಟ್ಟೆಸಂಚಿಯಲ್ಲಿ ಗಾಳಿಯಾಡುತ್ತಿತ್ತು, ಆದ್ದರಿಂದ ಅಲ್ಲಿ ಬೂಸ್ಟು ಬರುತ್ತಿರಲಿಲ್ಲ.

ಹಲ್ಲುಪುಡಿ ಮಾಡಿಕೊಳ್ಳಬಹುದು, ಕೊಳ್ಳಲೂಬಹುದು. ನಮ್ಮಲ್ಲಿ ಹಲ್ಲುಪುಡಿ ಎಂದರೆ ನಂಜನಗೂಡಿನ ಗುಲಾಬಿ ಬಣ್ಣದ ಪುಡಿ ಎಂದೇ ಎರಡು ತಲೆಮಾರು ಬೆಳೆದಿದೆ. 1913ರಲ್ಲಿ ಬಿ.ವಿ. ಪಂಡಿತರು ಅಲ್ಲಿ ಶುರುಮಾಡಿದ ಸದ್ವೈದ್ಯಶಾಲೆಯ ಪುಡಿ ಅದು. ಅದಕ್ಕೂ ಹಿಂದೆ ಮನೆಮನೆಯಲ್ಲಿ ಭತ್ತದ ಹೊಟ್ಟನ್ನು ಸುಟ್ಟ ಕರಿ, ಉಪ್ಪು, ಮೆಣಸು, ಲವಂಗ ಕುಟ್ಟಿ ಪುಡಿ ಮಾಡುತ್ತಿದ್ದರು. ಹೊಟ್ಟಿನಲ್ಲಿ ಸಿಲಿಕಾ ಇರುತ್ತದೆ, ಅದು ಮರಳಿನ ಜಾತಿ. ದಿನವೂ ಗಸಗಸ ಉಜ್ಜಿದರೆ ಹಲ್ಲಿನ ಮೇಲ್ಪದರ ಸವೆದು, ತಣ್ಣೀರು ತಾಗಿದರೂ ಜುಮ್ಮೆನ್ನುತ್ತದೆ. ಮನೆಯಲ್ಲೇ ಮಾಡಿಕೊಳ್ಳುವವರು ಕರಿಯನ್ನು ಬಿಟ್ಟು, ನುಣ್ಣಗೆ ಅರೆದ ಉಪ್ಪು ಒಂದು ಪಾಲು, ಲವಂಗದ ಪುಡಿ ಕಾಲು ಪಾಲು, ಒಣಗಿಸಿ ಪುಡಿಮಾಡಿದ ಬೇವಿನೆಲೆ ಎರಡು ಪಾಲು ಬೆರೆಸಿಕೊಳ್ಳಿ. ಬೆರಳಿನಿಂದ ಮೆತ್ತಗೆ ಉಜ್ಜಿದರೆ ಸಾಕು.

ತಂಬಿಗೆಯನ್ನು ಆರಿಸುವುದು

ಇಡೀ ಸಾಮಾನಿನ ಯಜಮಾನ ತಂಬಿಗೆ. ನೀರು ಸೇದುವುದು, ಕುಡಿಯುವುದು, ಮುಖ ತೊಳೆಯುವುದು, ಸ್ನಾನ, ಅಡುಗೆ, ಕಡೆಗೆ ಬುತ್ತಿಯ ಮುಚ್ಚಳ ಕೂಡ ಅದೇ. 1958ರಲ್ಲಿ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ತಾವು ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಅತ್ಯಂತ ಚೆಲುವಾದದ್ದು ಈ ತಂಬಿಗೆಯೇ ಎಂದು ಅವರು ಅದರಲ್ಲಿ ಮನಸಾರೆ ಹೊಗಳಿದ್ದಾರೆ. ಆ ವರದಿಯ ಹಿಂದೆಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಮುಕ್ಕಾಲು ಲೀಟರಿನಿಂದ ಒಂದು ಲೀಟರ್ ಹಿಡಿಯಬೇಕು. ಕಂಠ ಸಣ್ಣಗಿದ್ದು ಬಾಯಿಯ ಅಂಚು ಹೊರಗೆ ಚಾಚಿರಬೇಕು. ಆ ಚಾಚಿದ ಅಂಚಿನ ಕೆಳಗೆ ಹುರಿಯ ಕುಣಿಕೆ ಬಿಗಿದರೆ ಬಾವಿಗೆ ಇಳಿಬಿಟ್ಟಾಗ ಜಾರುವುದಿಲ್ಲ, ಬಗ್ಗಿಸಿದಾಗ ನೀರು ಸಣ್ಣ ಧಾರೆಯಾಗಿ ಬೀಳುತ್ತದೆ. ಬಾಯಿ ಎಷ್ಟು ಅಗಲವಿರಬೇಕೆಂದರೆ, ನಿಮ್ಮ ಕೈ ಒಳಗೆ ಹೋಗಿ ತಳವನ್ನು ಬೆಳಗುವಷ್ಟು. ಕೈ ಹೋಗದ ಪಾತ್ರೆಯ ಒಳಗೆ ಏನು ಬೆಳೆದಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ತಾಮ್ರವೋ ಹಿತ್ತಾಳೆಯೋ ಸ್ಟೀಲೋ? ಕುಡಿಯುವ ನೀರಿಗೆ ತಾಮ್ರ ಒಳ್ಳೆಯದೆಂಬ ಮಾತಿಗೆ ಆಧಾರವಿದೆ. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಸಂಶೋಧಕರ ಅಧ್ಯಯನವೊಂದರಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ನೋಡಿದಾಗ ಅವು ಸತ್ತಿದ್ದವು. ಆದರೆ 16 ಗಂಟೆ ಎಂಬ ಮಾತನ್ನು ಮರೆಯಬೇಡಿ. ಹಳ್ಳದ ನೀರನ್ನು ತಾಮ್ರದ ತಂಬಿಗೆಯಲ್ಲಿ ಮೊಗೆದು ಅಲ್ಲೇ ಕುಡಿದರೆ ತಾಮ್ರ ಏನೂ ಮಾಡಲಾರದು. ದಾರಿಯ ನೀರನ್ನು ಒಂದು ನಿಮಿಷ ಕೊತಕೊತ ಕುದಿಸಿ ಆರಿಸಿಯೇ ಕುಡಿಯಿರಿ. ಮಜ್ಜಿಗೆ, ನಿಂಬೆಹಣ್ಣಿನ ಪಾನಕ, ಹುಣಸೆನೀರು ಇವನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಇಡಲೇಬಾರದು. ಕಿಲುಬು ಬಿಟ್ಟು ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ.

ಎರಡು ಪಾತ್ರೆ ಒಯ್ಯಿರಿ. ಒಂದು ಬಾಯಿಗೆ, ಇನ್ನೊಂದು ಮೈಗೆ. ಇದು ಬರೀ ಮಡಿಯ ಮಾತಲ್ಲ. 671ರಲ್ಲಿ ಚೀನಾದಿಂದ ಹಡಗು ಹತ್ತಿ ಬಂದು ನಾಲಂದದಲ್ಲಿ ಓದಿದ ಯಾತ್ರಿಕ ಇತ್ಸಿಂಗ್, ಇಲ್ಲಿನ ಭಿಕ್ಷುಗಳು ಎರಡು ನೀರಿನ ಪಾತ್ರೆ ಇಟ್ಟುಕೊಳ್ಳುವುದನ್ನು ಕಂಡು ವಿವರವಾಗಿ ಬರೆದಿಟ್ಟ. ಶುದ್ಧವಾದ ಕುಡಿಯುವ ನೀರು ಮಣ್ಣಿನ ಅಥವಾ ಪಿಂಗಾಣಿಯ ಪಾತ್ರೆಯಲ್ಲಿ, ತೊಳೆಯುವ ನೀರು ತಾಮ್ರದ ಅಥವಾ ಕಬ್ಬಿಣದ ಪಾತ್ರೆಯಲ್ಲಿ. ಬೇರೆ ಬೇರೆ ವಸ್ತುವಾದರೆ ಕತ್ತಲಲ್ಲಿ ಕೈಯಾಡಿಸಿದರೂ ಯಾವುದು ಯಾವುದೆಂದು ತಿಳಿಯುತ್ತದೆ. ನಾನು ಕುಡಿಯಲು ಸ್ಟೀಲಿನ ಬಾಟಲಿ, ತೊಳೆಯಲು ಹಿತ್ತಾಳೆಯ ತಂಬಿಗೆ ಇಟ್ಟುಕೊಂಡಿದ್ದೇನೆ. ಒಂದರ ನೀರು ಇನ್ನೊಂದಕ್ಕೆ ಎಂದೂ ಹೋಗುವುದಿಲ್ಲ.

ನೀರು ಕೆಂಪಗೆ ಕದಡಿದ್ದರೆ ಪಟಿಕದ ಹರಳನ್ನು ನೀರೊಳಗೆ ಹಿಡಿದು ಏಳೆಂಟು ಸುತ್ತು ತಿರುಗಿಸಿ, ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಇಳಿಯುತ್ತವೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ. ನೀರು ತಿಳಿಯಾಯಿತು ಎಂದ ಮಾತ್ರಕ್ಕೆ ಕುಡಿಯಲು ಯೋಗ್ಯವಾಯಿತು ಎಂದಲ್ಲ. ಕುದಿಸುವುದು ಇದ್ದೇ ಇದೆ.

ಬೆಳಗಿನ ಮೊದಲ ಕೆಲಸ: ಹಲ್ಲುಕಡ್ಡಿ

ಬೇವಿನ ಕಡ್ಡಿಯನ್ನು ಎಲ್ಲರೂ ಕಂಡವರೇ. ಸರಿಯಾಗಿ ಬಳಸುವವರು ಕಡಿಮೆ. ಇದನ್ನು ನಿಧಾನವಾಗಿ ನೋಡೋಣ.

ಕೊಂಬೆಯ ತುದಿಯ ಎಳೆ ಹಸಿರು ಕಡ್ಡಿ ಬೇಡ, ಅದು ಜಗಿದರೆ ಹಿಂಜಿ ಹೋಗುತ್ತದೆ. ಕಂದು ತೊಗಟೆ ಬಂದ ಗಟ್ಟಿ ಕಡ್ಡಿಯೂ ಬೇಡ, ಅದು ವಸಡು ಕೀಳುತ್ತದೆ. ಎರಡರ ನಡುವಿನದು, ಹಸಿರಿಗೆ ಸ್ವಲ್ಪ ಬೂದು ತಿರುಗಿದ್ದು, ನಿಮ್ಮ ಕಿರುಬೆರಳಿನ ತುದಿಯಷ್ಟು ದಪ್ಪ. ಉದ್ದ ಹನ್ನೆರಡು ಬೆರಳು, ಅಂದರೆ ಬೆರಳುಗಳನ್ನು ಒತ್ತೊತ್ತಾಗಿ ಅಡ್ಡ ಇಟ್ಟು ಅಳೆದಷ್ಟು. ಆಯುರ್ವೇದದ ಹಳೆಯ ಸಂಹಿತೆಗಳು ಹೇಳುವ ಅಳತೆ ಇದೇ. ಇತ್ಸಿಂಗ್ ಬರೆದದ್ದೂ ಇದೇ: ಉದ್ದದ್ದು ಹನ್ನೆರಡು ಬೆರಳು, ಎಷ್ಟೇ ಗಿಡ್ಡವೆಂದರೂ ಎಂಟು ಬೆರಳಿಗೆ ಕಡಿಮೆಯಿಲ್ಲ, ದಪ್ಪ ಕಿರುಬೆರಳಿನಷ್ಟು. ಗಿಣ್ಣಿಲ್ಲದ ನೇರ ಕಡ್ಡಿಯನ್ನೇ ಆರಿಸಿ. ರಸ್ತೆ ಬದಿಯ ಧೂಳು ಹಿಡಿದ ಮರ, ಔಷಧಿ ಹೊಡೆದ ತೋಟದ ಅಂಚಿನ ಮರ ಬಿಟ್ಟುಬಿಡಿ.

ಕಡ್ಡಿಯನ್ನು ತೊಳೆದು, ತುದಿಯ ಅರ್ಧ ಅಂಗುಲದಷ್ಟು ತೊಗಟೆ ಸುಲಿಯಿರಿ. ದವಡೆಹಲ್ಲಿನ ನಡುವೆ ಇಟ್ಟು ಮೆಲ್ಲಗೆ ಕಚ್ಚಿ, ತುಸು ತಿರುಗಿಸಿ, ಮತ್ತೆ ಕಚ್ಚಿ. ಮೊದಲು ಕಹಿ ನಾಲಿಗೆಗೆ ಹೊಡೆಯುತ್ತದೆ. ಬಾಯಿ ತುಂಬ ಜೊಲ್ಲೂರುತ್ತದೆ. ಉಗುಳುತ್ತಿರಿ, ನುಂಗಬೇಡಿ. ಮೂರು ನಾಲ್ಕು ನಿಮಿಷಕ್ಕೆ ತುದಿ ಎಳೆಎಳೆಯಾಗಿ ಬಿಟ್ಟು ಪುಟ್ಟ ಕುಂಚವಾಗುತ್ತದೆ. ಅಂಗೈ ಮೇಲೆ ಒಮ್ಮೆ ಆಡಿಸಿ ನೋಡಿ. ಚುಚ್ಚಿದರೆ ಇನ್ನೂ ಜಗಿಯಬೇಕು, ಕಚಗುಳಿಯಾದರೆ ಸರಿಯಾಯಿತು.

ಉಜ್ಜುವಾಗ ಕುಂಚ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಹೋಗಬೇಕು. ಮೇಲಿನ ಹಲ್ಲಿಗೆ ಕೆಳಮುಖ, ಕೆಳಗಿನ ಹಲ್ಲಿಗೆ ಮೇಲ್ಮುಖ. ಅಡ್ಡಡ್ಡ ಗರಗಸದಂತೆ ಎಳೆದರೆ ವಸಡು ಕಿತ್ತು ರಕ್ತ ಬರುತ್ತದೆ. ಹೆಚ್ಚಿನವರು ಮುಂದಿನ ಹಲ್ಲನ್ನಷ್ಟೇ ಉಜ್ಜಿ ಎಸೆಯುತ್ತಾರೆ. ಒಳಬದಿಗೂ ದವಡೆಯ ಹಿಂಬದಿಗೂ ಕಡ್ಡಿ ನೇರವಾಗಿ ತಲುಪುವುದಿಲ್ಲ, ನಿಜ. ಅದಕ್ಕೆ ಕುಂಚದ ಬುಡದಲ್ಲಿ ಸ್ವಲ್ಪ ಬಗ್ಗಿಸಿಕೊಳ್ಳಿ. ಆಗ ಅದು ಮೂಲೆಗೆ ಹೋಗುತ್ತದೆ.

ಆಮೇಲೆ ಅದೇ ಕಡ್ಡಿಯನ್ನು ಉದ್ದಕ್ಕೆ ಎರಡಾಗಿ ಸೀಳಿ. ಒಂದು ಸೀಳನ್ನು ಎರಡು ಕೈಯಲ್ಲಿ ಹಿಡಿದು ಬಿಲ್ಲಿನಂತೆ ಬಗ್ಗಿಸಿ, ನಾಲಿಗೆಯ ಹಿಂದಿನಿಂದ ಮುಂದಕ್ಕೆ ಎರಡು ಮೂರು ಸಲ ಹಗುರಾಗಿ ಎಳೆಯಿರಿ. ಇತ್ಸಿಂಗ್ ನೋಡಿದ ಭಿಕ್ಷುಗಳು ಹದಿಮೂರು ಶತಮಾನದ ಹಿಂದೆ ಮಾಡುತ್ತಿದ್ದದ್ದು ಇದನ್ನೇ. ನಮ್ಮ ತಾತ ಹಿತ್ತಲಲ್ಲಿ ನಿಂತು ಮಾಡುತ್ತಿದ್ದದ್ದೂ ಇದನ್ನೇ. ನಾಲಿಗೆ ಹೆರೆಯುವ ತಾಮ್ರದ ಪಟ್ಟಿ ಬೇಕಾದರೆ ಒಯ್ಯಿರಿ, ತೂಕವೇನಿಲ್ಲ. ಕಡ್ಡಿಯ ಸೀಳು ಮಾತ್ರ ತೊಳೆದಿಡುವ ತಾಪತ್ರಯವಿಲ್ಲದ್ದು. ಬಾಯಿ ಮುಕ್ಕಳಿಸಲು ತಂಬಿಗೆಯ ಕಾಲು ಭಾಗ ಸಾಕು. ಕಡ್ಡಿಯನ್ನು ಮಣ್ಣಿಗೆ ಎಸೆಯಿರಿ. ನಾಳೆಗೆ ಹೊಸದು.

ಬೇವು ಸಿಗದಿದ್ದರೆ ಹೊಂಗೆ, ಕರಿಜಾಲಿ, ಆಲದ ಬಿಳಲು ಆಗುತ್ತದೆ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹಳೆಯ ಗ್ರಂಥಗಳ ಹಲ್ಲುಕಡ್ಡಿಯ ಪಟ್ಟಿಯಲ್ಲಿ ಕಣಗಿಲೆ ಮತ್ತು ಎಕ್ಕದ ಹೆಸರೂ ಇದೆ. ಅದನ್ನು ಓದಿಕೊಂಡು ಕಣಗಿಲೆ ಕಡ್ಡಿ ಬಾಯಿಗಿಟ್ಟುಕೊಳ್ಳಬೇಡಿ. ಅದರ ಎಲೆ, ತೊಗಟೆ, ಕಡ್ಡಿ ಎಲ್ಲವೂ ವಿಷ. ನೇರವಾಗಿ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಎಕ್ಕದ ಹಾಲು ಬಾಯಿಯನ್ನೂ ಕಣ್ಣನ್ನೂ ಸುಡುತ್ತದೆ. ಮರದ ಗುರುತು ಖಚಿತವಿಲ್ಲದಿದ್ದರೆ ಬೆರಳು ಮತ್ತು ಹಲ್ಲುಪುಡಿಯೇ ಸಾಕು. ಹುಳುಕು ತಡೆಯುವಷ್ಟು ಫ್ಲೋರೈಡ್ ಬೇವಿನ ಕಡ್ಡಿಯಲ್ಲಿಲ್ಲ. ಆದ್ದರಿಂದ ನಾನು ಬೆಳಿಗ್ಗೆ ಕಡ್ಡಿ, ರಾತ್ರಿ ಪೇಸ್ಟು ಎಂದು ಇಟ್ಟುಕೊಂಡಿದ್ದೇನೆ.

ಬಯಲಕಡೆ ಹೋಗುವುದು

1909ರಲ್ಲಿ ಬಂಗಾಳದ ಪ್ರಯಾಣಿಕ ಓಖಿಲ್ ಚಂದ್ರ ಸೇನ್ ರೈಲ್ವೆಗೆ ಬರೆದ ದೂರಿನ ಪತ್ರ ಹೆಸರಾಗಿದೆ. ಅಹ್ಮದ್‌ಪುರ ನಿಲ್ದಾಣದಲ್ಲಿ ಇಳಿದು ಬಯಲಿಗೆ ಹೋಗಿದ್ದಾಗ ಗಾರ್ಡು ಸೀಟಿ ಊದಿದ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು ಓಡಿದ ಅವರು ಪ್ಲಾಟ್‌ಫಾರ್ಮಿನ ಮೇಲೆ ಎಲ್ಲರೆದುರು ಬಿದ್ದರು, ರೈಲು ಹೊರಟೇಹೋಯಿತು. ಕೆಳದರ್ಜೆಯ ಬೋಗಿಗಳಲ್ಲಿ ಶೌಚಾಲಯ ಬರಲು ಆ ಪತ್ರವೂ ಕಾರಣವೆಂದು ಹೇಳುತ್ತಾರೆ. ನೀರಿನ ಪಾತ್ರೆಯಿಲ್ಲದೆ ಪ್ರಯಾಣವೇ ಇಲ್ಲ ಎಂಬ ಕಾಲದ ನೋವು ಆ ಪತ್ರದಲ್ಲಿದೆ.

ಶೌಚಾಲಯ ಇದ್ದಲ್ಲಿ ಅದನ್ನೇ ಬಳಸಿ. ಕಾಡುದಾರಿಯಲ್ಲಿ ಇಲ್ಲದಿದ್ದರೆ ಹಳ್ಳ, ಕೆರೆ, ಬಾವಿಯಿಂದ ಕಡಿಮೆಯೆಂದರೆ ನೂರು ಹೆಜ್ಜೆ ದೂರ ಹೋಗಿ, ಗೇಣು ಆಳದ ಗುಂಡಿ ತೋಡಿ, ಆದಮೇಲೆ ಮಣ್ಣು ಮುಚ್ಚಿ. ತೊಳೆಯುವ ತಂಬಿಗೆ ಬಲಗೈಯಲ್ಲಿ, ತೊಳೆಯುವುದು ಎಡಗೈಯಲ್ಲಿ. ಕೈ ಕೊಳೆಯಾಗುವ ಮುಂಚೆಯೇ ಬಲಗೈಯಿಂದ ಸೋಪಿನ ಚೂರನ್ನು ಹೊರತೆಗೆದು ಕಲ್ಲಿನ ಮೇಲಿಟ್ಟುಕೊಳ್ಳಿ, ಆಗ ಚೀಲಕ್ಕೆ ಕೊಳೆ ಕೈ ಹೋಗುವುದಿಲ್ಲ. ಹಿಂದೆ ಮಣ್ಣು, ಬೂದಿಯಿಂದ ಕೈ ತಿಕ್ಕುತ್ತಿದ್ದರು. ಬೂದಿಯಲ್ಲಿ ಕ್ಷಾರವಿದೆ, ಜಿಡ್ಡು ಬಿಡಿಸುತ್ತದೆ. ಮಣ್ಣಿನಲ್ಲಿ ಮಾತ್ರ ಬೇರೆಯವರ ಕೊಳೆಯೂ ಸೇರಿರಬಹುದು. ಈ ಒಂದು ಕಡೆ ಹಳೆಯದನ್ನು ಹಿಡಿದು ಕೂರುವುದು ತಪ್ಪು. ಸೋಪಿನಿಂದ ಬೆರಳ ಸಂದಿ, ಉಗುರಿನ ಬುಡ ಸೇರಿಸಿ ಇಪ್ಪತ್ತು ಎಣಿಸುವವರೆಗೆ ಉಜ್ಜಿ. 1910ರ ದಶಕದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾದ ಮೇಲೆ ನಮ್ಮವರ ಗಂಟಿನಲ್ಲೂ ಗಂಧದ ಸೋಪಿನ ಬಿಲ್ಲೆ ಸೇರಿಕೊಂಡಿತು.

ಒಂದು ತಂಬಿಗೆಯಲ್ಲಿ ಮೈ ತೊಳೆಯುವುದು

ನದಿಯೋ ಕೊಳಾಯಿಯೋ ಇದ್ದರೆ ಈ ಪಾಡಿಲ್ಲ. ಇಲ್ಲದ ದಿನ ಹೀಗೆ ಮಾಡಿ.

ತೆಳುವಾದ ಹತ್ತಿಯ ಚೌಕ ಅಥವಾ ಪಾಣಿಪಂಚೆ ತೆಗೆದುಕೊಳ್ಳಿ. ದಪ್ಪ ಟರ್ಕಿ ಟವೆಲ್ ಅರ್ಧ ತಂಬಿಗೆ ನೀರನ್ನು ತಾನೇ ಕುಡಿಯುತ್ತದೆ, ಸಂಜೆಯಾದರೂ ಒಣಗುವುದಿಲ್ಲ, ಮರುದಿನ ಮುಗ್ಗಲು ವಾಸನೆ. ಕೈಮಗ್ಗದ ಪಾಣಿಪಂಚೆ ಹೆಗಲ ಮೇಲೆ ಹೊದ್ದು ನಡೆದರೆ ಗಂಟೆಯೊಳಗೆ ಒಣಗುತ್ತದೆ.

ತಂಬಿಗೆಯ ನೀರನ್ನು ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿಕೊಳ್ಳಿ. ಮೊದಲ ಪಾಲಿನಲ್ಲಿ ಚೌಕದ ಒಂದು ಮೂಲೆ ನೆನೆಸಿ ಮುಖ, ಕಿವಿಯ ಹಿಂಭಾಗ, ಕತ್ತು. ಎರಡನೆಯದರಲ್ಲಿ ಇನ್ನೊಂದು ಮೂಲೆ: ಎದೆ, ಬೆನ್ನು, ತೋಳು. ಮೂರನೆಯದರಲ್ಲಿ ಕಂಕುಳು, ಆಮೇಲೆ ತೊಡೆಸಂದಿ. ನಾಲ್ಕನೆಯದು ಪಾದಕ್ಕೆ. ಶುದ್ಧ ಜಾಗದಿಂದ ಕೊಳೆ ಜಾಗಕ್ಕೆ ಬರಬೇಕೇ ಹೊರತು ತಿರುಗಿ ಹೋಗಬಾರದು. ಚೌಕವನ್ನು ತಂಬಿಗೆಯೊಳಗೆ ಅದ್ದಬೇಡಿ, ಚೌಕದ ಮೇಲೆ ನೀರು ಸುರಿದುಕೊಳ್ಳಿ. ಅದ್ದಿದರೆ ಮೊದಲ ಒರೆಸಿಗೇ ಇಡೀ ತಂಬಿಗೆ ಕೊಳೆ. ಬೆವರು ತುಂಬಾ ಇದ್ದರೆ ಒಂದು ಚಮಚ ಹೆಸರುಹಿಟ್ಟನ್ನು ಅಂಗೈಯಲ್ಲಿ ಕಲಸಿ ಕಂಕುಳು, ಕತ್ತಿಗೆ ಹಚ್ಚಿ ಒರೆಸಿ. ಮೈ ಉಜ್ಜಲು ಒಣಗಿದ ತುಪ್ಪದ ಹೀರೆಯ ನಾರು ಸಾಕು. ಅಂಗೈಯಗಲದ ತುಂಡು ಹಗುರ, ಬಿಸಿಲಿಗಿಟ್ಟರೆ ಒಣಗುತ್ತದೆ.

ಪಾದಕ್ಕೆ ನಾಲ್ಕನೇ ಪಾಲು ಎಂದೆ, ಆದರೆ ನಡೆಯುವವರಿಗೆ ಪಾದವೇ ಮುಖ್ಯ. ರಾತ್ರಿ ತಂಗಿದಲ್ಲಿ ಬಿಸಿನೀರು ಸಿಕ್ಕರೆ ಒಂದು ಹಿಡಿ ಉಪ್ಪು ಹಾಕಿ ಹತ್ತು ನಿಮಿಷ ಕಾಲು ಇಳಿಬಿಡಿ. ಬೆರಳ ಸಂದಿಯನ್ನು ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಕೆಸರುಹುಣ್ಣು. ಹಿಮ್ಮಡಿಗೆ ಹರಳೆಣ್ಣೆ ಹಚ್ಚಿ. ನೀರುಗುಳ್ಳೆ ಎದ್ದರೆ ಪಿನ್ನಿನಿಂದ ಒಡೆಯಬೇಡಿ. ಮೇಲಿನ ಚರ್ಮವೇ ಅದಕ್ಕೆ ಪಟ್ಟಿ. ಮೇಲೆ ಶುದ್ಧ ಬಟ್ಟೆ ಕಟ್ಟಿ.

ಸೀಗೆ ಹಾಕಿ ತಲೆ ತೊಳೆಯುವುದು, ಮತ್ತು ಮೀನಿನ ಮಾತು

ಗಿಡ್ಡ ಕೂದಲಿಗೆ ಎರಡು ಚಮಚ, ಉದ್ದ ಕೂದಲಿಗೆ ನಾಲ್ಕು ಚಮಚ ಪುಡಿಯನ್ನು ಬಿಸಿನೀರಲ್ಲಿ ಕಲಸಿ ಹತ್ತು ನಿಮಿಷ ನೆನೆಯಲು ಬಿಡಿ. ಇಡ್ಲಿ ಹಿಟ್ಟಿಗಿಂತ ತೆಳ್ಳಗಿರಲಿ. ಮೊದಲು ಕೂದಲನ್ನು ಪೂರ್ತಿ ನೆನೆಸಿ, ತಲೆ ಮುಂದಕ್ಕೆ ಬಗ್ಗಿಸಿ, ಬುಡಕ್ಕೆ ಹಚ್ಚಿ ಬೆರಳ ತುದಿಯಿಂದ ಉಜ್ಜಿ. ಕಣ್ಣು ಮುಚ್ಚಿರಲಿ. ಸೀಗೆ ಕಣ್ಣಿಗೆ ಹೋದರೆ ಏನಾಗುತ್ತದೆಂದು ಎಣ್ಣೆಸ್ನಾನದ ಭಾನುವಾರಗಳಲ್ಲಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ. ನಾಲ್ಕು ತಂಬಿಗೆ ನೀರಲ್ಲಿ ಪುಡಿ ಹೊರಟುಹೋಗುತ್ತದೆ.

ಸೀಗೆ, ಅಂಟುವಾಳ ಎರಡರಲ್ಲೂ ನೊರೆ ಬರಿಸುವುದು ಸಾಪೊನಿನ್ ಎಂಬ ವಸ್ತು. ಅದರ ಒಂದು ತುದಿ ನೀರಿಗೆ, ಒಂದು ತುದಿ ಎಣ್ಣೆಗೆ ಅಂಟಿಕೊಂಡು ಜಿಡ್ಡನ್ನು ಎತ್ತಿಕೊಂಡು ಹೋಗುತ್ತದೆ. ಅದೇ ಸಾಪೊನಿನ್ ಮೀನಿನ ಕಿವಿರಿಗೆ ವಿಷ. ಇಂಥ ಕಾಯಿ, ತೊಗಟೆ ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುವ ರೂಢಿ ನಮ್ಮ ದೇಶದ ಎಷ್ಟೋ ಕಡೆ ಇತ್ತು. ಗಿಡದಿಂದ ಬಂದದ್ದು, ಆದ್ದರಿಂದ ನದಿಗೆ ತೊಂದರೆಯಿಲ್ಲ ಎಂದು ಯಾತ್ರಾಸ್ಥಳಗಳಲ್ಲಿ ಜನ ನೀರಿನಲ್ಲೇ ನಿಂತು ಸೀಗೆ ಹಚ್ಚಿಕೊಳ್ಳುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವ ನಾವೇ ಹಾಗೆ ಮಾಡಬಾರದು. ನೀರನ್ನು ತಂಬಿಗೆಯಲ್ಲಿ ಮೊಗೆದುಕೊಂಡು, ದಡದಿಂದ ದೂರ ಮಣ್ಣಿನ ಮೇಲೆ ನಿಂತು ತಲೆ ತೊಳೆಯಿರಿ. ಆ ನೊರೆಯನ್ನು ಮಣ್ಣು ಹೀರಿಕೊಳ್ಳುತ್ತದೆ. ಆಮೇಲೆ ನದಿಗಿಳಿದು ಮುಳುಗುಹಾಕಿ. ಕಲ್ಯಾಣಿಗಳಲ್ಲಂತೂ ನೀರು ಹರಿದುಹೋಗುವುದೇ ಇಲ್ಲ, ಅಲ್ಲಿ ಸೀಗೆ, ಸೋಪು ಯಾವುದೂ ಬೇಡ.

ಬಟ್ಟೆಗೆ ಅಂಟುವಾಳ. ಬೀಜ ತೆಗೆದ ಆರೇಳು ಕಾಯಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದ ನೀರಲ್ಲಿ ಚೌಕ, ಒಳಬಟ್ಟೆಗಳನ್ನು ಅರ್ಧ ಗಂಟೆ ನೆನೆಸಿ ಹಿಂಡಿ ಜಾಲಿಸಿ. ಇದಕ್ಕೂ ಅದೇ ನಿಯಮ, ದಡದಿಂದ ದೂರ.

ಬಾಚಣಿಗೆ, ಸೀರಣಿಗೆ, ಕ್ಷೌರ

ಛತ್ರದಲ್ಲಿ ಹತ್ತು ಜನರ ನಡುವೆ ಮಲಗಿದರೆ ಹೇನು ಹತ್ತುವುದು ಇವತ್ತಿಗೂ ಇದೆ. ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ, ಎಣ್ಣೆ ಹಚ್ಚಿದ ಕೂದಲಿಗೆ ಸೀರಣಿಗೆ ಹಾಕಿ ಬುಡದಿಂದ ತುದಿಯವರೆಗೆ ಎಳೆಯಿರಿ. ಪ್ರತಿ ಎಳೆತಕ್ಕೂ ಬಿಳಿ ಬಟ್ಟೆಗೆ ಒರೆಸಿ ನೋಡಿ. ಎಣ್ಣೆಯಲ್ಲಿ ಹೇನು ಓಡಲಾರದು, ಸೀರು ಜಾರಿ ಬರುತ್ತದೆ. ಸೀತಾಫಲದ ಬೀಜ ಅರೆದು ಹಚ್ಚುವ ಹಳೆಯ ಮದ್ದು ಬೇಡವೇ ಬೇಡ. ಅದರ ಒಂದು ಹನಿ ಕಣ್ಣಿಗೆ ಹೋದರೂ ಕಣ್ಣಿನ ಕರಿಗುಡ್ಡೆಯ ಮೇಲೆ ಗಾಯವಾಗುತ್ತದೆ.

ಗಡ್ಡ ಹೆರೆದ ಮೇಲೆ ಒದ್ದೆ ಮುಖಕ್ಕೆ ಪಟಿಕ ಸವರಿದರೆ ಸಣ್ಣ ಗೀರಿನ ರಕ್ತ ನಿಲ್ಲುತ್ತದೆ. ನಿಮ್ಮ ಪಟಿಕ ನಿಮಗೇ ಇರಲಿ, ಇನ್ನೊಬ್ಬರಿಗೆ ಕೊಡಬೇಡಿ. ಯಾತ್ರಾಸ್ಥಳದಲ್ಲಿ ಮುಡಿ ಕೊಡುವವರು ಹೊಸ ಬ್ಲೇಡು ಹಾಕುವುದನ್ನು ಕಣ್ಣಾರೆ ನೋಡಿಯೇ ತಲೆ ಒಡ್ಡಿ.

ಕಿವಿಯ ಗುಗ್ಗೆ ತೆಗೆಯುವ ಕಡ್ಡಿ, ಚಿಮುಟ, ಹಲ್ಲುಕುಕ್ಕುವ ಕಡ್ಡಿ ಮೂರನ್ನೂ ಒಂದೇ ಬಳೆಗೆ ಪೋಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಂದಿರನ್ನು ನಾನು ಸಂತೆಗಳಲ್ಲಿ ನೋಡಿದ್ದೇನೆ. ಹರಪ್ಪದ ಉತ್ಖನನದಲ್ಲಿ ಸಿಕ್ಕ ಲೋಹದ ಗೊಂಚಲಿನಲ್ಲೂ ಇದೇ ಇತ್ತು: ಚಿಮುಟ, ಕಿವಿಯ ಪುಟ್ಟ ಚಮಚ, ಚೂಪುಕಡ್ಡಿ. ಮೆಸೊಪೊಟೇಮಿಯದ ಉರ್ ಮತ್ತು ಕಿಶ್ ಊರುಗಳಲ್ಲೂ ಇಂಥವೇ ಸಿಕ್ಕಿವೆ. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಜೋಡಣೆ ಅದು. ಚಿಮುಟವನ್ನು ಖಂಡಿತ ಒಯ್ಯಿರಿ, ಮುಳ್ಳು ತೆಗೆಯಲು ಬೇಕೇ ಬೇಕು. ಕಿವಿಯ ಚಮಚವನ್ನು ಮನೆಯಲ್ಲೇ ಬಿಡಿ. ಗುಗ್ಗೆ ತಾನಾಗಿಯೇ ಹೊರಬರುತ್ತದೆ, ಕಡ್ಡಿ ಹಾಕಿದರೆ ಒಳಕ್ಕೆ ಹೋಗುತ್ತದೆ. ತುಂಬಿದ ಛತ್ರದಲ್ಲಿ ಯಾರಾದರೂ ಮೊಣಕೈ ತಾಗಿಸಿದರೆ ತಮಟೆಯೇ ಹರಿಯಬಹುದು.

ಹೆಣ್ಣುಮಕ್ಕಳ ಅರೆ

ಅಜ್ಜಿಯ ಸಂಚಿಯ ನಾಲ್ಕನೇ ಅರೆಯ ಸೀರೆ ತುಂಡು ಯಾವುದಕ್ಕೆಂದು ನನಗೆ ಬಹಳ ವರ್ಷ ಯಾರೂ ಹೇಳಿರಲಿಲ್ಲ. ಅಜ್ಜಿಗೆ ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೂ ಆ ಅರೆ ಖಾಲಿಯಿರಲಿಲ್ಲ. ಜೊತೆಗೆ ಬಂದ ಹುಡುಗಿಯರಿಗೆ ದಾರಿಯಲ್ಲಿ ಬೇಕಾದೀತೆಂದು ಇಟ್ಟಿರುತ್ತಿದ್ದರು. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ ಚೆನ್ನಾಗಿ ಹೀರುತ್ತದೆ, ಚರ್ಮ ಕೆರೆಯುವುದಿಲ್ಲ. ಬಟ್ಟೆ ಬಳಸುವವರು ಮೊದಲು ತಣ್ಣೀರಲ್ಲಿ ತೊಳೆಯಿರಿ, ಬಿಸಿನೀರಿನಲ್ಲಿ ರಕ್ತದ ಕಲೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಸೋಪು ಹಾಕಿ ಒಗೆದು, ನೇರ ಬಿಸಿಲಿಗೆ ಹರಡಿ. ಹಿಂದೆ ಯಾರಿಗೂ ಕಾಣದಂತೆ ಬೇರೆ ಬಟ್ಟೆಯ ಕೆಳಗೆ, ಕತ್ತಲೆ ಮೂಲೆಯಲ್ಲಿ ಒಣಹಾಕುತ್ತಿದ್ದರು. ಪೂರ್ತಿ ಒಣಗದ ಆ ಪಸೆಯೇ ತುರಿಕೆಗೂ ಸೋಂಕಿಗೂ ದಾರಿ. ಬಿಸಿಲು ಸಿಗದ ದಾರಿಯಲ್ಲಿ ಪ್ಯಾಡು ಅಥವಾ ಮುಟ್ಟಿನ ಕಪ್ ಮೇಲು. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಊರು ಮುಟ್ಟುವವರೆಗೆ ಜೊತೆಗೇ ತನ್ನಿ. ಗುಂಪಿನಲ್ಲಿ ಹೋಗುವ ಗಂಡಸರು ಇದಕ್ಕೆ ನಿಲ್ಲುವ ಹತ್ತು ನಿಮಿಷವನ್ನು ಗೊಣಗದೆ ಕೊಡಬೇಕು.

ಸಂಚಿ ಕಟ್ಟುವುದು

ಸಂಚಿಯನ್ನು ಹತ್ತಿಬಟ್ಟೆಯಲ್ಲೇ ಹೊಲಿಸಿ, ಅರೆ ಐದಕ್ಕೆ ಕಡಿಮೆ ಬೇಡ. ಬಾಯಿಗೆ ಹೋಗುವವು ಒಂದು ಬದಿ, ಮೈಗೆ ಸೇರಿದವು ಇನ್ನೊಂದು ಬದಿ. ಪುಡಿಗಳು ಪುಟ್ಟ ಬಟ್ಟೆಗಂಟಿನಲ್ಲಿ, ಮಳೆಗಾಲವಾದರೆ ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಒದ್ದೆಯಾದ ಯಾವುದನ್ನೂ ಸಂಚಿಯೊಳಗೆ ಹಾಕಬೇಡಿ. ಒದ್ದೆ ಚೌಕ ಹೆಗಲಿಗೆ, ಹೀರೆಯ ನಾರು ಸಂಚಿಯ ಹೊರಗಿನ ದಾರಕ್ಕೆ. ಕಟ್ಟಿದ ಸಂಚಿ ತಂಬಿಗೆಯೊಳಗೆ ಹಿಡಿಸಬೇಕು. ಹಿಡಿಸದಿದ್ದರೆ ಏನೋ ಹೆಚ್ಚಾಗಿದೆ ಎಂದು ಅರ್ಥ. ತಂಬಿಗೆಯ ಕಂಠಕ್ಕೆ ಎಂಟು ಮೊಳ ಗಟ್ಟಿ ಹುರಿ ಸುತ್ತಿಡಿ. ಬಾವಿಗೂ ಆಗುತ್ತದೆ, ರಾತ್ರಿ ಬಟ್ಟೆ ಒಣಹಾಕುವುದಕ್ಕೂ ಆಗುತ್ತದೆ.

ಊರಿಗೆ ಮರಳಿದ ದಿನವೇ ಸಂಚಿಯನ್ನು ಒಳಗು ಹೊರಗು ಮಾಡಿ ಕೊಡವಿ, ಒಗೆದು ಬಿಸಿಲಿಗೆ ಹಾಕಿ. ಉಳಿದ ಪುಡಿಯನ್ನು ಮುಂದಿನ ಯಾತ್ರೆಗೆಂದು ಎತ್ತಿಡದೆ ಮನೆಯಲ್ಲೇ ಬಳಸಿ ಮುಗಿಸಿ. ತಂಬಿಗೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಒಳಗಿನ ತಳದವರೆಗೆ ಕೈಯಿಟ್ಟು ಬೆಳಗಿ, ಒರೆಸಿ, ಬೋರಲು ಹಾಕಿ. ಪೂರ್ತಿ ಒಣಗಿದ ಸಂಚಿಯನ್ನು ಗೂಟಕ್ಕೆ ತೂಗುಹಾಕುವಾಗ ಚಿಮುಟ, ಸೀರಣಿಗೆ, ಪಟಿಕ ಮೂರೂ ಒಳಗಿವೆಯೇ ಎಂದು ಒಮ್ಮೆ ಕೈಯಾಡಿಸಿ ನೋಡಿಕೊಳ್ಳಿ.